ಸ್ಪ್ಯಾನಿಷ್ ಮಾತಾಡುವವರ ಇಂಗ್ಲಿಷಿಗೆ ಆಡುಮಾತಿನ ಹದ

ಮೆಕ್ಸಿಕೊ ಸಿಟಿಯಲ್ಲಿ ಬೆಳಿಗ್ಗೆ 8 ಗಂಟೆ ಆದಾಗ ಬೆಂಗಳೂರಿನಲ್ಲಿ ಸಂಜೆ 7.30. ಅವರು ಕಚೇರಿಗೆ ಹೊರಡುವ ಮುಂಚೆ, ನಾವು ಕಚೇರಿ ಮುಗಿಸಿದ ಮೇಲೆ, ಆನ್‌ಲೈನ್‌ನಲ್ಲಿ ಕೂತು ಇಂಗ್ಲಿಷ್ ಮಾತಾಡಲು ಇಬ್ಬರಿಗೂ ಒಗ್ಗುವ ಹೊತ್ತು. ಹಾಗೆ ಕಲಿಸುತ್ತಿರುವವರಿಗೆ, ಸ್ಪೇನ್ ಅಥವಾ ಲ್ಯಾಟಿನ್ ಅಮೆರಿಕದ ಸಹೋದ್ಯೋಗಿಗಳಿಗೆ ನೆರವಾಗುವವರಿಗೆ ಈ ಬರಹ. ಬರುವವರಲ್ಲಿ ಹೆಚ್ಚಿನವರು ವ್ಯಾಕರಣ ಕಲಿತೇ ಬಂದಿರುತ್ತಾರೆ. ತಪ್ಪಿಲ್ಲದೆ ಮಾತಾಡಿದರೂ ಪುಸ್ತಕ ಓದಿದಂತೆ ಕೇಳಿಸುತ್ತದಲ್ಲ, ಅದು ಹೋಗಬೇಕು ಎನ್ನುವುದು ಅವರ ಆಸೆ.

ಮೊದಲ ಹೆಜ್ಜೆ: ಭಾರದ ಕ್ರಿಯಾಪದಗಳನ್ನು ಹಗುರ ಮಾಡಿ

ಸ್ಪ್ಯಾನಿಷ್ ಲ್ಯಾಟಿನ್‌ನಿಂದ ಹುಟ್ಟಿದ ಭಾಷೆ. ಇಂಗ್ಲಿಷಿನ ಬೇರು ಜರ್ಮ್ಯಾನಿಕ್ ಬಳಗದಲ್ಲಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ, ನ್ಯಾಯಾಲಯಗಳ ಮೂಲಕ ಫ್ರೆಂಚ್ ಮಾತುಗಳು ಇಂಗ್ಲಿಷಿಗೆ ಬಂದವು, ವಿದ್ವಾಂಸರು ಲ್ಯಾಟಿನ್‌ನಿಂದ ಇನ್ನಷ್ಟು ತಂದರು. ಹೀಗಾಗಿ ಒಂದೇ ಕೆಲಸಕ್ಕೆ ಇಂಗ್ಲಿಷಿನಲ್ಲಿ ಹಲವು ಸಲ ಎರಡು ಮಾತುಗಳಿವೆ: ಮನೆಯದೊಂದು, ಸಭೆಯದೊಂದು. ಸ್ಪ್ಯಾನಿಷ್ ಬಲ್ಲವರಿಗೆ ಸಭೆಯ ಮಾತೇ ಹತ್ತಿರ. ಅವರ 'ತೊಲೆರಾರ್' ಇಂಗ್ಲಿಷಿನ 'ಟಾಲರೇಟ್', 'ಪೊಸ್ಪೊನೆರ್' 'ಪೋಸ್ಟ್‌ಪೋನ್', 'ಇನ್ವೆಸ್ತಿಗಾರ್' 'ಇನ್ವೆಸ್ಟಿಗೇಟ್', 'ಎಂತ್ರಾರ್' 'ಎಂಟರ್'. ಬಾಯಿಗೆ ಮೊದಲು ಬರುವುದು ಇವೇ. ಇಂಗ್ಲಿಷ್ ಮನೆಮಾತಿನವರು ದಿನದ ಮಾತಿನಲ್ಲಿ ಅಲ್ಲೆಲ್ಲ 'ಪುಟ್ ಅಪ್ ವಿತ್', 'ಪುಟ್ ಆಫ್', 'ಲುಕ್ ಇನ್‌ಟು', 'ಕಮ್ ಇನ್' ಎನ್ನುತ್ತಾರೆ.

ಇದನ್ನು ವಿವರಿಸಲು ಕನ್ನಡಿಗರಿಗೆ ಕಷ್ಟವಿಲ್ಲ. ಬಾಗಿಲಿಗೆ ಬಂದ ನೆಂಟರಿಗೆ ನಾವು 'ಒಳಗೆ ಬನ್ನಿ' ಅನ್ನುತ್ತೇವೆಯೇ ಹೊರತು 'ಪ್ರವೇಶಿಸಿ' ಅನ್ನುವುದಿಲ್ಲ. 'ಪ್ರವೇಶಿಸಿ' ತಪ್ಪಲ್ಲ, ಅದರ ಜಾಗ ಬೇರೆ. ಕಲಿಯುವವರಿಗೂ ಹೀಗೇ ಹೇಳಿ. ತಮ್ಮ ಇಂಗ್ಲಿಷ್ ತಪ್ಪು ಎಂಬ ಅಳುಕು ಹೋಗುತ್ತದೆ.

ಪಾಠಕ್ಕೆ ನನ್ನ ಸಲಹೆ ಇದು. ನಿನ್ನೆಯ ದಿನ ಹೇಗೆ ಕಳೆಯಿತು ಎಂದು ಅವರು ಐದು ನಿಮಿಷ ಹೇಳಲಿ. ನಡುವೆ ತಡೆಯಬೇಡಿ, ಭಾರದ ಕ್ರಿಯಾಪದಗಳನ್ನಷ್ಟೇ ಬರೆದಿಟ್ಟುಕೊಳ್ಳಿ. ಮುಗಿದ ಮೇಲೆ ಮೂರು ನಾಲ್ಕಕ್ಕೆ ಮಾತ್ರ ಹಗುರದ ಜೋಡಿ ಕೊಟ್ಟು, ಅದೇ ಕಥೆಯನ್ನು ಮತ್ತೆ ಹೇಳಿಸಿ. ನೂರು ಪದಗಳ ಪಟ್ಟಿ ಕಳಿಸುವುದರಿಂದ ಏನೂ ಆಗದು. ಸ್ವಂತ ಕಥೆಯಲ್ಲಿ ಬಳಸಿದ ಮಾತು ನಾಲಿಗೆಯಲ್ಲಿ ಉಳಿಯುತ್ತದೆ.

ಎರಡನೆಯದು: ಥಟ್ಟನೆ ಕೊಡುವ ಉತ್ತರಗಳು

ಯೋಚಿಸದೆ ಬರುವ ಮಾತಿನಲ್ಲೇ ಸಹಜತೆ ಗೊತ್ತಾಗುವುದು. ಏನಾದರೂ ಸಹಾಯ ಕೇಳಿದರೆ ಸ್ಪ್ಯಾನಿಷಿನಲ್ಲಿ 'ಕ್ಲಾರೊ' ಎನ್ನುತ್ತಾರೆ. ಅದನ್ನು ಎಲ್ಲ ಕಡೆ 'ಆಫ್ ಕೋರ್ಸ್' ಮಾಡಿದರೆ ಕೆಲವೊಮ್ಮೆ ಇರಿಯುತ್ತದೆ. 'ಮೀಟಿಂಗ್ ಇದೆ ಅಂತ ಗೊತ್ತಾ?' ಎಂದು ಕೇಳಿದಾಗ 'ಆಫ್ ಕೋರ್ಸ್' ಎಂದರೆ 'ಅಷ್ಟೂ ಗೊತ್ತಿಲ್ವಾ ನಂಗೆ?' ಎಂಬ ಧ್ವನಿ ಬರುತ್ತದೆ. 'ಯೆಸ್, ಐ ಡೂ' ಸಾಕು. ಸಹಾಯ ಕೇಳಿದಾಗ 'ಶೂರ್' ಚೆನ್ನ. ಯಾರಾದರೂ ಒಳ್ಳೆಯದನ್ನು ಹಾರೈಸಿದಾಗ ಅವರು ಹೇಳುವ 'ಇಗ್ವಾಲ್ಮೆಂತೆ'ಗೆ 'ಯೂ ಟೂ'. ಪರವಾಗಿಲ್ಲ ಬಿಡಿ ಎನ್ನುವ 'ನೊ ಪಾಸಾ ನಾದಾ'ಗೆ 'ನೋ ವರೀಸ್'. ಪರೀಕ್ಷೆಗೆ ಹೊರಟವರಿಗೆ ಹುರಿದುಂಬಿಸುವ 'ಆನಿಮೊ' ಇಂಗ್ಲಿಷಿನಲ್ಲಿ 'ಯೂ ಗಾಟ್ ದಿಸ್' ಆಗುತ್ತದೆ.

'ಕೆ ಪೇನಾ' ಎಂಬ ಮಾತಿನಲ್ಲಿ ಮಾತ್ರ ಜೋಪಾನ. ಬಹಳ ಕಡೆ ಅದು 'ಛೆ, ಪಾಪ', ಇಂಗ್ಲಿಷಿನಲ್ಲಿ 'ದಟ್ಸ್ ಎ ಶೇಮ್'. ಕೊಲಂಬಿಯಾದವರು ಕ್ಷಮೆ ಕೇಳುವಾಗಲೂ ಇದನ್ನೇ ಹೇಳುತ್ತಾರೆ, ಆಗ 'ಸಾರಿ ಅಬೌಟ್ ದಟ್' ಬೇಕು. ಆದ್ದರಿಂದ ನಿಮ್ಮ ಎದುರಿನವರು ಯಾವ ದೇಶದವರೆಂದು ತಿಳಿದುಕೊಂಡೇ ಪಾಠ ಶುರು ಮಾಡಿ.

ರಾತ್ರಿ ಎದುರಾದವರಿಗೂ ಹೊರಟವರಿಗೂ ಅವರಲ್ಲಿ 'ಬ್ವೆನಾಸ್ ನೊಚೆಸ್' ಒಂದೇ. ಇಂಗ್ಲಿಷಿನ 'ಗುಡ್ ನೈಟ್' ಹೊರಡುವಾಗ ಮಾತ್ರ. ಬಂದಾಗ 'ಗುಡ್ ಈವ್ನಿಂಗ್', ರಾತ್ರಿ ಒಂಬತ್ತಾಗಿದ್ದರೂ.

ಮೂರನೆಯದು: ಕೇಳುವ ದಾಟಿ

ಸ್ಪೇನ್‌ನ ಹೋಟೆಲಿನಲ್ಲಿ 'ಪೊನ್‌ಮೆ ಉನ್ ಕಫೆ' ಎಂದು ನೇರವಾಗಿ ಕೇಳಿದರೆ ಯಾರೂ ಬೇಸರಪಡುವುದಿಲ್ಲ. ನಾವೂ 'ಒಂದು ಕಾಫಿ ಕೊಡಿ' ಎನ್ನುತ್ತೇವೆ, ಆ 'ಕೊಡಿ'ಯಲ್ಲೇ ಮರ್ಯಾದೆ ಇದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಅಂಥ ಪ್ರತ್ಯಯವಿಲ್ಲ. 'ಗಿವ್ ಮಿ ಎ ಕಾಫಿ' ಅಪ್ಪಣೆಯಂತೆ ಕೇಳುತ್ತದೆ. 'ಕ್ಯಾನ್ ಐ ಗೆಟ್ ಎ ಕಾಫಿ, ಪ್ಲೀಸ್?' ಎಂಬುದನ್ನು ಹಾಗೇ ಬಾಯಿಪಾಠ ಮಾಡಿಸಿ.

ನಾಲ್ಕನೆಯದು: ಇಬ್ಬರಿಗೂ ಕೇಳಿಸದ ತಪ್ಪುಗಳು

ಹಸಿವು, ವಯಸ್ಸು ಎಲ್ಲವೂ ಸ್ಪ್ಯಾನಿಷಿನಲ್ಲಿ 'ಇರುವ' ವಸ್ತುಗಳು. ಆದ್ದರಿಂದ ಆರಂಭದಲ್ಲಿ 'ಐ ಹ್ಯಾವ್ ಟ್ವೆಂಟಿ ಇಯರ್ಸ್' ಎನ್ನುವುದುಂಟು. ಒಪ್ಪಿಗೆ ಸೂಚಿಸುವಾಗ 'ಐ ಆಮ್ ಅಗ್ರೀ' ಬರುತ್ತದೆ. ಇವು ನಮ್ಮ ಕಿವಿಗೆ ತಕ್ಷಣ ಬೀಳುತ್ತವೆ, ತಿದ್ದುತ್ತೇವೆ. ನಾವೂ ಮಾಡುವ ತಪ್ಪುಗಳ ಕಥೆ ಬೇರೆ. ಇಲ್ಲಿ ಕಲಿಸುವವರೇ ಎಚ್ಚರವಾಗಿರಬೇಕು.

ಪ್ರಶ್ನೆ ಇದ್ದಾಗ ಅವರು 'ತೆಂಗೊ ಉನಾ ದೂದಾ' ಎನ್ನುತ್ತಾರೆ, ಇಂಗ್ಲಿಷಿಗೆ ಬಂದಾಗ 'ಐ ಹ್ಯಾವ್ ಎ ಡೌಟ್'. ನಮ್ಮ ತರಗತಿಗಳಲ್ಲೂ ಇದೇ ಮಾತು, ಹಾಗಾಗಿ ನಮಗೆ ಅದು ಸರಿಯಾಗಿಯೇ ಕೇಳುತ್ತದೆ. ಲಂಡನ್ನಿನವರಿಗೋ ನ್ಯೂಯಾರ್ಕಿನವರಿಗೋ 'ಡೌಟ್' ಎಂದರೆ ಅಪನಂಬಿಕೆ: ನೀವು ಹೇಳಿದ್ದು ನಿಜವೋ ಅಲ್ಲವೋ ಎಂಬ ಅನುಮಾನ. 'ಐ ಹ್ಯಾವ್ ಎ ಕ್ವೆಶ್ಚನ್' ಎಂದೇ ರೂಢಿ ಮಾಡಿಸಿ, ನೀವೂ ಮಾಡಿಕೊಳ್ಳಿ.

'ಮೂರು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ' ಎನ್ನಲು ಕನ್ನಡದಲ್ಲೂ ಸ್ಪ್ಯಾನಿಷಿನಲ್ಲೂ ವರ್ತಮಾನ ಕಾಲವೇ ಸಾಕು. ಅದರಿಂದಲೇ 'ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ತ್ರೀ ಇಯರ್ಸ್' ಹುಟ್ಟುವುದು. ಆಗಬೇಕಾದ್ದು 'ಐವ್ ಬೀನ್ ವರ್ಕಿಂಗ್ ಹಿಯರ್ ಫಾರ್ ತ್ರೀ ಇಯರ್ಸ್'. ವಾಕ್ಯದ ಕೊನೆಗೆ ನಮ್ಮ 'ಅಲ್ವಾ' ಇದ್ದಂತೆ ಅವರಿಗೂ ಒಂದು 'ನೊ?' ಇದೆ. 'ಯೂ ಆರ್ ಕಮಿಂಗ್, ನೋ?' ಬದಲು 'ರೈಟ್?' ಹಾಕಿದರೆ ಆಯಿತು. 'ಎಕ್ಸ್‌ಪ್ಲೇನ್ ಮಿ' ಕೂಡ ಇಬ್ಬರದೂ, 'ಮಿ'ಗೆ ಮುಂಚೆ 'ಟು' ಬೇಕು.

ಈ ಭಾಗಕ್ಕೆ ಪಾಠವನ್ನು ರೆಕಾರ್ಡ್ ಮಾಡಿಕೊಂಡು ಕೇಳುವುದು ಒಳ್ಳೆಯದು, ಅವರ ಒಪ್ಪಿಗೆ ಪಡೆದು. ಮಾತಾಡುವಾಗ ಜಾರಿಹೋದದ್ದು ಆಮೇಲೆ ಸಿಗುತ್ತದೆ.

ಐದನೆಯದು: ತಡವರಿಸುವಾಗಲೂ ಇಂಗ್ಲಿಷ್

ಮಾತು ಹುಡುಕುವಾಗ ಅವರು 'ಬ್ವೆನೊ', 'ಒ ಸೆಆ' ಎನ್ನುತ್ತಾರೆ, ಮೆಕ್ಸಿಕೊದವರು 'ಎಸ್ತೆ' ಎಂದು ಎಳೆಯುತ್ತಾರೆ. 'ಬ್ವೆನೊ' ಜಾಗಕ್ಕೆ 'ವೆಲ್', 'ಒ ಸೆಆ' ಜಾಗಕ್ಕೆ 'ಐ ಮೀನ್' ಬಂದರೆ ತಡವರಿಕೆಯೂ ಸಹಜವಾಗುತ್ತದೆ. ಅತಿಯಾಗಬಾರದು ಅಷ್ಟೆ.

ಕಡೆಯದು: ಫೋನ್ ಇಡುವುದು

ಸ್ಪ್ಯಾನಿಷಿನಲ್ಲಿ ಮಾತು ಮುಗಿಸುವಾಗ 'ಬ್ವೆನೊ, ತೆ ದೆಹೊ' ಎನ್ನುತ್ತಾರೆ, ಸರಿ ಇಡ್ತೀನಿ ಎಂಬಂತೆ. ಅದನ್ನು ಪದಕ್ಕೆ ಪದ 'ಐ ಲೀವ್ ಯೂ' ಮಾಡಿದರೆ ನಿನ್ನನ್ನು ಬಿಟ್ಟು ಹೋಗುತ್ತಿದ್ದೇನೆ ಎಂದಾಗುತ್ತದೆ. 'ಎನಿವೇ, ಐಲ್ ಲೆಟ್ ಯೂ ಗೋ' ಕಲಿಸಿ. ಪ್ರತಿ ಪಾಠದ ಕೊನೆಗೆ ಈ ಮಾತನ್ನು ನೀವು ಹೇಳಬೇಡಿ, ಅವರಿಂದಲೇ ಹೇಳಿಸಿ.