ತಿದ್ದಿಸುವುದು ಬಿಟ್ಟೆ, ಅಕ್ಷರ ಕೈಯಲ್ಲಿ ಉಳಿಯಿತು

ಪುಟಗಟ್ಟಲೆ ಕಾಪಿ ಬರೆಸದೆ ಕೈಬರಹ ಸುಧಾರಿಸುತ್ತದೆ ಎಂದರೆ ಕೈಬರಹ ಕಲಿಸುವ ನಮ್ಮ ಕಸುಬಿನವರೇ ನಂಬುತ್ತಿರಲಿಲ್ಲ. 'ದಿನಕ್ಕೆ ಹತ್ತು ನಿಮಿಷದಲ್ಲಿ ಏನಾಗುತ್ತೆ ಮೇಡಂ, ಸುಮ್ನೆ ಇರೋ ಮಕ್ಕಳನ್ನೂ ಕಳ್ಕೊಳ್ತೀರಿ' ಎಂದವರಿದ್ದಾರೆ. ಈಗ ರಜೆ ಮುಗಿಸಿ ಬಂದ ನನ್ನ ಮಕ್ಕಳ ಉಕ್ತಲೇಖನ ನೋಡಿ ಅವರೇ ಹೇಗೆ ಮಾಡಿಸಿದಿರಿ ಎಂದು ಕೇಳುತ್ತಿದ್ದಾರೆ.

ಮೊದಲು ದುಡ್ಡು ಎಲ್ಲಿ ಹೋಯಿತು ಅಂತ ಹೇಳುತ್ತೇನೆ. ರಬ್ಬರ್ ಗ್ರಿಪ್ ಡಬ್ಬಗಟ್ಟಲೆ ತಂದೆ. ಹಾಕಿದಾಗ ಬೆರಳು ಸರಿಯಾಗಿ ಕೂರುತ್ತದೆ, ತೆಗೆದರೆ ಮತ್ತೆ ಹಳೇ ಹಿಡಿತ. ಈಗ ಹಿಡಿತದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಮೂರು ಬೆರಳೋ ನಾಲ್ಕೋ, ನೋವಿಲ್ಲದೆ ಬೆರಳು ಆಡಿದರೆ ಸಾಕು. ಇಳಿಜಾರು ಹಲಗೆ ಮಾಡಿಸಿದೆ. ಮಣಿಕಟ್ಟಿಗೆ ಆರಾಮ ಸಿಕ್ಕಿತು, ಅಕ್ಷರ ಬದಲಾಗಲಿಲ್ಲ. ಎಲ್ಲಕ್ಕಿಂತ ಜಾಸ್ತಿ ನುಂಗಿದ್ದು ಚುಕ್ಕಿ ಅಕ್ಷರದ ಪುಸ್ತಕ ಅಚ್ಚು ಹಾಕಿಸಿದ್ದು. ಹೆಚ್ಚುಕಮ್ಮಿ ಅರ್ಧ ವರ್ಷದ ಫೀಸು ಅದಕ್ಕೇ ಹೋಯಿತು. ಚುಕ್ಕಿಯ ಮೇಲೆ ಎಲ್ಲರೂ ಚೆನ್ನಾಗಿಯೇ ತಿದ್ದಿದರು. ಖಾಲಿ ಹಾಳೆ ಕೊಟ್ಟ ಕೂಡಲೇ ಮತ್ತೆ ಕಾಗೆಕಾಲು ಗುಬ್ಬಿಕಾಲು.

ಒಂದು ಸಾಲು 'ದ' ಬರೆಯಲು ಹೇಳಿ ಮಗುವಿನ ಪಕ್ಕ ಕೂತು ನೋಡಿ. ಎರಡು ಮೂರು 'ದ' ಪೂರ್ತಿ ಬರೆಯುತ್ತದೆ. ಆಮೇಲೆ ಸಾಲಿನುದ್ದಕ್ಕೂ ಬರೀ ಹೊಟ್ಟೆ ಸುತ್ತಿಕೊಂಡು ಹೋಗುತ್ತದೆ. ಕೊನೆಗೆ ಎಲ್ಲದಕ್ಕೂ ತಲೆಕಟ್ಟು ಎಳೆದುಕೊಂಡು ವಾಪಸ್ ಬರುತ್ತದೆ. ಪುಟವೇನೋ ತುಂಬಿತು. ಆದರೆ 'ದ' ಅಕ್ಷರವನ್ನು ಕೈ ಇಡಿಯಾಗಿ ಬರೆದದ್ದು ಆ ಮೊದಲ ಎರಡು ಮೂರು ಸಲ ಮಾತ್ರ, ಅಲ್ವಾ? ತಿದ್ದುವಾಗಲೂ ಅಷ್ಟೇ. ಕಣ್ಣು ಗೆರೆಯ ಹಿಂದೆ ಹೋಗುತ್ತದೆ. ಮುಂದೆ ಎಲ್ಲಿ ತಿರುಗಬೇಕು ಎಂದು ಮಗು ನೆನಪಿಸಿಕೊಳ್ಳಬೇಕಾಗಿಯೇ ಇಲ್ಲ.

ಈಗ ನಾನು ಮಾಡಿಸುವುದು ಇಷ್ಟು. ದೊಡ್ಡದಾಗಿ ಒಂದು ಅಕ್ಷರ, ಅದರ ಮೇಲೆ ಕ್ರಮಸಂಖ್ಯೆ ಹಾಕಿದ ಬಾಣಗಳು. ಮಗು ನೋಡುತ್ತದೆ, ನಾನು ಮುಚ್ಚುತ್ತೇನೆ, ಅದು ನೆನಪಿನಿಂದ ಬರೆಯುತ್ತದೆ. ಮೊದಮೊದಲು ಮುಚ್ಚಿದ ತಕ್ಷಣ, ಆಮೇಲೆ ಐದಾರು ಸೆಕೆಂಡ್ ಬಿಟ್ಟು. ತನ್ನ ಅಕ್ಷರಗಳಲ್ಲಿ ಯಾವುದು ಚೆನ್ನಾಗಿದೆಯೋ ಅದಕ್ಕೆ ತಾನೇ ಸುತ್ತು ಹಾಕಬೇಕು. 1997ರಲ್ಲಿ ಸಂಶೋಧಕಿ ವರ್ಜೀನಿಯಾ ಬರ್ನಿಂಗರ್ ಮತ್ತು ಜೊತೆಗಾರರು ಒಂದನೇ ತರಗತಿಯ ಮಕ್ಕಳಿಗೆ ಹಲವು ಬಗೆಯಲ್ಲಿ ಕಲಿಸಿ ನೋಡಿದ್ದರು. ಅದರಲ್ಲಿ ಗೆದ್ದದ್ದು ಈ ಬಾಣ ಮತ್ತು ನೆನಪು ಸೇರಿದ ಪದ್ಧತಿಯೇ.

ಎರಡನೆಯದು, ಬೆರೆಸುವುದು. ಒಂದೇ ಅಕ್ಷರ ಸತತವಾಗಿ ಮೂರು ಸಲಕ್ಕಿಂತ ಜಾಸ್ತಿ ಬರಬಾರದು. ಇದನ್ನು ಯಾರೂ ಒಪ್ಪಲಿಲ್ಲ, ಯಾಕೆಂದರೆ ಬೆರೆಸಿ ಬರೆಸಿದ ದಿನದ ಪುಸ್ತಕ ನೋಡಲು ಕೆಟ್ಟದಾಗಿಯೇ ಇರುತ್ತದೆ. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈ ಚಲನೆಗಳ ಮೇಲೆ ನಡೆಸಿದ ಪ್ರಯೋಗದಲ್ಲೂ ಹಾಗೇ ಆಗಿತ್ತು. ಸಾಲಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದೆ, ಬೆರೆಸಿ ಮಾಡಿದವರು ಹತ್ತು ದಿನದ ನಂತರ ಮುಂದೆ. ಆದರೆ ತೀರಾ ಚಿಕ್ಕ ಮಕ್ಕಳಿಗೆ ಮೊದಲ ದಿನವೇ ಬೆರೆಸಬೇಡಿ, ಗಲಿಬಿಲಿಯಾಗುತ್ತಾರೆ. ವಾರವಾದರೂ ಒಂದೊಂದೇ ಅಕ್ಷರ ಪಳಗಲಿ. ಯಾವುದರ ಹಿಂದೆ ಯಾವುದು ಎನ್ನುವ ನನ್ನ ಪಟ್ಟಿ ಮಾತ್ರ ನನ್ನ ಬಳಿಯೇ ಇರಲಿ. 'ವ', 'ಪ', 'ಷ' ಯಾವಾಗ ಒಟ್ಟಿಗೆ ತರುತ್ತೀರಿ ಎನ್ನುವುದರಲ್ಲಿ ಅರ್ಧ ಗುಟ್ಟಿದೆ.

ದೊಡ್ಡವರ ವಿಷಯವೇ ಬೇರೆ. ಮೊದಲ ತರಗತಿಯಲ್ಲೇ ಮುತ್ತು ಪೋಣಿಸಿದ ಹಾಗೆ ಬರೆದು ತೋರಿಸುತ್ತಾರೆ. ಅವಸರದಲ್ಲಿ ಒಂದು ಚೀಟಿ ಬರೆಸಿ, ಹಳೇ ಕೈ ಎದ್ದು ಬರುತ್ತದೆ. ಅವರು ನಿಧಾನವಾಗಿ ಬರೆದದ್ದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡನೇ ವಾರದಿಂದಲೇ ಗಡಿಯಾರ ಇಟ್ಟು ಬರೆಸುತ್ತೇನೆ. ಒತ್ತಿ ಬರೆಯುವವರಿಗೆ ಹಾಳೆ ತಿರುಗಿಸಿ ಹಿಂಬದಿ ಸವರಿ ನೋಡಲು ಹೇಳುತ್ತೇನೆ. ಗೆರೆಗಳು ಬೆರಳಿಗೆ ಉಬ್ಬುಬ್ಬಾಗಿ ಸಿಗುತ್ತವೆ. ಆಮೇಲೆ 0.5 ಮಿ.ಮೀ. ಲೆಡ್ ಪೆನ್ಸಿಲ್ ಕೊಡುತ್ತೇನೆ. ಒತ್ತಿದರೆ ಲೆಡ್ ಪಟ್ಟನೆ ಮುರಿಯುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ. ಅಷ್ಟೆಲ್ಲ ಸಾಮಾನು ತಂದರೂ ಕೊನೆಗೆ ಕೆಲಸಕ್ಕೆ ಬಂದದ್ದು ಈ ಅಗ್ಗದ ಪೆನ್ಸಿಲ್.

ನಡುವೆ ಇನ್ನೊಂದು ನೋಡಿದೆ. ದೊಡ್ಡವರಿಂದ ಹಾಳೆಯ ಮೇಲೆ ಸಹಿ ಹಾಕಿಸಿ, ಅದನ್ನೇ ಬೋರ್ಡಿನ ಮೇಲೆ ಮೊಳದುದ್ದ ಬರೆಸಿದೆ. ಹಾಳೆಯ ಮೇಲೆ ಆಡುವುದು ಬೆರಳು, ಬೋರ್ಡಿನ ಮೇಲೆ ಭುಜ. ಆದರೂ ಸಹಿಯ ವೈಖರಿ ಒಂದೇ. ಎಡಗೈಯಲ್ಲಿ ಬರೆಸಿದೆ. ನಡುಗುತ್ತದೆ, ಆದರೆ ಯಾರ ಅಕ್ಷರ ಎಂದು ಗುರುತು ಹತ್ತುತ್ತದೆ. ಅಂದರೆ ಕಲಿತದ್ದು ಬರೀ ಬೆರಳಲ್ಲಿ ಕೂತಿಲ್ಲ. ಅಂದಿನಿಂದ ಬೆರಳಿನ ಬಲಕ್ಕೆಂದು ಜೇಡಿಮಣ್ಣು ನಾದಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿ, ಆ ಹೊತ್ತನ್ನೂ ಬರೆಸುವುದಕ್ಕೇ ಕೊಟ್ಟೆ.

ಪುಸ್ತಕ ತುಂಬುತ್ತಿಲ್ಲ ಎಂದು ಮೊದಲ ವರ್ಷ ಮೂರರಲ್ಲಿ ಒಂದು ಪಾಲು ಮಕ್ಕಳನ್ನು ಪೋಷಕರು ಬಿಡಿಸಿದರು. ಬಾಡಿಗೆಗೂ ಕಷ್ಟವಾಯಿತು. ಉಳಿದವರು ರಜೆಯ ನಂತರ ಬಂದಾಗ, ಹತ್ತು ಮಕ್ಕಳಲ್ಲಿ ಏಳೆಂಟು ಮಂದಿ ಬಾಣವಿಲ್ಲದೆ, ತೋರಿಸದೆ, ಅದೇ ಅಳತೆಯಲ್ಲಿ ಬರೆದರು. ತಿದ್ದಿಸುತ್ತಿದ್ದ ಕಾಲದಲ್ಲಿ ಹೀಗೆ ಉಳಿಸಿಕೊಂಡವರು ಇಬ್ಬರು ಮೂವರು ಸಿಕ್ಕರೆ ಹೆಚ್ಚು. ಈಗ ಜಾಗವಿಲ್ಲ ಎಂದು ವಾಪಸ್ ಕಳಿಸುವಷ್ಟು ಮಕ್ಕಳು ಬರುತ್ತಾರೆ.

ನೀವೂ ಮಾಡುವುದಾದರೆ ಮೊದಲ ತಿಂಗಳ ಪುಸ್ತಕ ಮನೆಗೆ ಕಳಿಸಬೇಡಿ. ರಜೆಗೆ ಮುಂಚಿನ ಉಕ್ತಲೇಖನಕ್ಕೆ ತಾರೀಕು ಹಾಕಿ ತೆಗೆದಿಡಿ. ರಜೆ ಮುಗಿದ ಮೊದಲ ದಿನ ಅದನ್ನೇ ಮತ್ತೆ ಬರೆಸಿ, ಎರಡನ್ನೂ ಒಟ್ಟಿಗೆ ಪೋಷಕರ ಕೈಗೆ ಕೊಡಿ.