ರೊಟ್ಟಿ ಸಿನಿಮಾದ ಲೆಕ್ಕ

"ಜಾತ್ರೆಗೆ ರೊಟ್ಟಿ ಕೊಡೋರ ಮೇಲೆ ಸಿನಿಮಾ ಮಾಡಿದರೆ ಯಾರು ನೋಡ್ತಾರೆ? ಒಂದು ಜಗಳವೂ ಇಲ್ಲ" ಎಂದಿದ್ದ ಗೆಳೆಯನೇ ಈಗ ನನ್ನ ಒಂಬತ್ತು ನಿಮಿಷದ ಚಿತ್ರವನ್ನು ಎಲ್ಲರಿಗೂ ಕಳಿಸುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ.

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ನಿಮಗೆ ಗೊತ್ತೇ ಇದೆ. ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರ್‌ಗಟ್ಟಲೆ ಜೋಳದ ರೊಟ್ಟಿ, ಮಾದಲಿ, ಕಾಳುಕಡಿ ಬರುತ್ತವೆ. ಎಲ್ಲರ ಕ್ಯಾಮೆರಾ ಮಠದಲ್ಲಿ ಬಿದ್ದ ರೊಟ್ಟಿ ರಾಶಿಯ ಮೇಲೆ. ಮೊದಲ ವರ್ಷ ನನ್ನದೂ ಅಲ್ಲೇ. ಎರಡು ದಿನ ಡ್ರೋನ್ ಬಾಡಿಗೆಗೇ ಹನ್ನೆರಡು ಸಾವಿರ ಹೋಯಿತು. ಇಪ್ಪತ್ತೆರಡು ನಿಮಿಷದ ಚಿತ್ರ, ಗಂಭೀರ ನಿರೂಪಣೆ. ನಮ್ಮವ್ವನೇ ಅರ್ಧಕ್ಕೆ ಎದ್ದು ಹೋದಳು. ದುಡ್ಡು ಕೊಡಬಹುದಾದ ಒಂದು ಸಂಸ್ಥೆ "ಫಲಾನುಭವಿಗಳ ಸಂಖ್ಯೆ ಎಲ್ಲಿ?" ಎಂದು ಕೇಳಿ ಕೈತೊಳೆದುಕೊಂಡಿತು. 2019ರಲ್ಲಿ ಜನರೇ ಸೇರಿ ಕೊಪ್ಪಳದ ಹಿರೇಹಳ್ಳದ ಹೂಳೆತ್ತುವಾಗಲೂ ನಾನು ಹೀಗೇ ಕೆಟ್ಟಿದ್ದೆ. ಹಾರ್ಡ್ ಡಿಸ್ಕ್ ತುಂಬ ಜೆಸಿಬಿ, ಒಂದು ಮುಖವೂ ನೆನಪಿಲ್ಲ.

ಮರುವರ್ಷ ಮಠ ಬಿಟ್ಟು, ಜಾತ್ರೆಗೆ ರೊಟ್ಟಿ ಬಡಿಯುವ ಒಂದು ಓಣಿಗೆ ಹೋದೆ. ಫೋನು, ಎರಡು ಕಾಲರ್ ಮೈಕು, ಅಷ್ಟೇ. "ಯಾಕೆ ಕೊಡ್ತೀರಿ?" ಎಂದರೆ ಯಾರೂ ಬಾಯಿ ಬಿಡಲಿಲ್ಲ. ಕೊಟ್ಟಿದ್ದನ್ನ ಹೇಳಬಾರದು ತಮ್ಮಾ, ಅಂದಳು ಒಬ್ಬ ಹಿರಿಯಾಕೆ. ಸಾಯಂಕಾಲ ಸುಮ್ನೆ ಕೇಳಿದೆ, "ಯಕ್ಕಾ, ಹಿಟ್ಟು ಎಷ್ಟು ಸೇರು ಆತು?" ಒಬ್ಬಾಕೆ ನಲವತ್ತು ಅಂದಳು. ಇನ್ನೊಬ್ಬಾಕೆ, "ಎಲ್ಲೀ ನಲವತ್ತ, ನಮ್ಮನಿ ಹಿಟ್ಟು ಎಣಿಸೇ ಇಲ್ಲ!" ಎಂದಳು. ಜಗಳ ಶುರು! ಹಿಟ್ಟು ಯಾರದು, ಕಟ್ಟಿಗೆ ಯಾರದು, ಡೀಸೆಲ್ ಯಾರು ಹಾಕಿಸಿದರು, ಎಲ್ಲ ಹೊರಬಂತು. ಚಿತ್ರದ ಅರ್ಧ ಅದೇ.

ಬೆಳಕಿಗೆ ಲೈಟ್ ಬೇಡ. ಹನ್ನೊಂದರ ಹೊತ್ತಿಗೆ ಬೆಳಕಿಂಡಿಯಿಂದ ಬಿಸಿಲು ಒಲೆಯ ಹೊಗೆ ಮೇಲೆ ಬೀಳುತ್ತದೆ, ಕಾದರೆ ಸಾಕು. ಕಷ್ಟ ಸದ್ದಿನದು. ರೊಟ್ಟಿ ಬಡಿಯುವ ಏಟಿಗೆ ಮೈಕಿನಲ್ಲಿ ಸದ್ದು ಒಡೆದುಹೋಗುತ್ತಿತ್ತು. ಕೊನೆಗೆ ಮೈಕನ್ನು ಒಂದು ಕಡೆ ಇಟ್ಟೆ, ಸರಿಹೋಯಿತು. ಎಲ್ಲಿಟ್ಟೆ ಅಂತ ಹೇಳಲ್ಲ, ಮೂರು ದಿನ ಕಳೆದು ಕಲಿತದ್ದು ಅದು. ನಡುವೆ ಮೂವತ್ತು ಸೆಕೆಂಡಿನ ತುಣುಕುಗಳನ್ನು ವಾಟ್ಸಾಪಿಗೆ ಬಿಟ್ಟು ನೋಡಿದೆ. ಮಾತಿದ್ದದ್ದು ಓಡಲಿಲ್ಲ. ಬರೀ ಬಡಿಯುವ ಸದ್ದಿನದು ಊರೂರು ಸುತ್ತಿತು. ಅದೇ ಚಿತ್ರದ ಆರಂಭವಾಯಿತು.

ಒಟ್ಟು ಖರ್ಚು ಏಳು ಸಾವಿರದ ಆಸುಪಾಸು. ಅದರಲ್ಲಿ ಪೆಟ್ರೋಲೇ ಜಾಸ್ತಿ.

ಗುಡಿ ಕಟ್ಟೆಯಲ್ಲಿ ಬಿಳಿ ಧೋತರ ಕಟ್ಟಿ ಎಲ್ಲರಿಗೂ ತೋರಿಸಿದೆ. ನಕ್ಕರು, ಮತ್ತೆ ಹಾಕು ಅಂದರು. ಒಬ್ಬ ಮುದುಕಿ ಮಾತ್ರ ಮುಖ ತಿರುಗಿಸಿ ಕೂತಿದ್ದಳು. ಕಟ್ಟಿಗೆ ಕೊಟ್ಟವಳು ಅವಳೇ, ಚಿತ್ರದಲ್ಲಿ ಕಟ್ಟಿಗೆ ಇತ್ತು, ಅವಳಿರಲಿಲ್ಲ. ಕೊಟ್ಟಿದ್ದನ್ನ ಹೇಳಬಾರದು ಅಂದಿದ್ದವಳೂ ಅವಳೇ! ಮರುದಿನ ಹೋಗಿ ಅವಳ ಕಟ್ಟಿಗೆ ಬಣವೆ ಮುಂದೆ ಕೂರಿಸಿ ನಲವತ್ತು ಸೆಕೆಂಡು ತೆಗೆದೆ. ಒಂದು ಮಾತೂ ಆಡಲಿಲ್ಲ, ಸೆರಗು ಮಾತ್ರ ಎರಡು ಸಲ ಸರಿಮಾಡಿಕೊಂಡಳು.