ಭಾರದ ವೆಸ್ಟ್ ಹಾಕಿ ನಡೆಯುವ ಮುನ್ನ

ವೇಟೆಡ್ ವೆಸ್ಟ್ (ತೂಕದ ಚೀಲಗಳನ್ನು ತುಂಬಿ ವ್ಯಾಯಾಮಕ್ಕೆ ತೊಡುವ ತೋಳಿಲ್ಲದ ಅಂಗಿ) ಕೊಳ್ಳುವಾಗ ಎಷ್ಟು ಕೆ.ಜಿ. ತುಂಬಬಹುದು ಎಂದು ಕೇಳುವವರೇ ಹೆಚ್ಚು. ಎಷ್ಟಕ್ಕೆ ಇಳಿಸಬಹುದು ಎಂದು ಮೊದಲು ಕೇಳಿ. ಶುರುವಿಗೆ ದೇಹತೂಕದ ಶೇ 5ರಷ್ಟು ಸಾಕು. 60 ಕೆ.ಜಿ. ಇದ್ದವರಿಗೆ 3 ಕೆ.ಜಿ.: ಅರ್ಧ ಕೆ.ಜಿ.ಯ ಚೀಲ ಮುಂದೆ ಮೂರು, ಹಿಂದೆ ಮೂರು. ಬ್ಯಾಗಿಗೆ ಉಸುಕು ತುಂಬಿ ಬೆನ್ನಿಗೇರಿಸಿದರೆ ಭಾರವೆಲ್ಲ ಹಿಂದೆಯೇ ಬೀಳುತ್ತದೆ. ಸರಿದೂಗಿಸಲು ಮೈ ಮುಂದಕ್ಕೆ ಬಾಗಿ ಸೊಂಟ ಹಿಡಿಯುತ್ತದೆ.

ಪಟ್ಟಿಯಡಿ ಎರಡು ಬೆರಳು ತೂರಬೇಕು, ಉಸಿರು ತುಂಬ ಎಳೆದರೆ ಪಕ್ಕೆಲುಬು ಬಿಗಿಯಬಾರದು. ನಿಂತಲ್ಲೇ ಹಗುರವಾಗಿ ಕುಪ್ಪಳಿಸಿ. ಕಾಲು ನೆಲ ಮುಟ್ಟಿದ ಮೇಲೆ ವೆಸ್ಟ್ ಬೇರೆಯಾಗಿ ‘ಧಪ್’ ಎಂದು ಕುಳಿತರೆ ಪಟ್ಟಿ ಸಡಿಲವಿದೆ. ಹೆಗಲ ಚರ್ಮ ಕಿತ್ತುಹೋಗುವುದು ಆ ಬಡಿತಕ್ಕೇ. ತೋಳಿಲ್ಲದ ಬನಿಯನ್ ಮೇಲಂತೂ ಹಾಕಬೇಡಿ.

ಮೊದಲ ಎರಡು ವಾರ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಂಥ ಸಮತಟ್ಟು ಜಾಗದಲ್ಲಿ, ದಿನ ಬಿಟ್ಟು ದಿನ, 15–20 ನಿಮಿಷ. ಆಮೇಲೆ 40 ನಿಮಿಷದವರೆಗೆ ಸಮಯ ಹೆಚ್ಚಿಸಿ, ಅನಂತರವೇ ತೂಕ. ಎರಡನ್ನೂ ಒಂದೇ ವಾರ ಏರಿಸಬೇಡಿ. ಶೇ 10 ದಾಟುವ ಅಗತ್ಯವಿಲ್ಲ. ನಡಿಗೆಯ ವೇಗ ಇಳಿದರೆ ಭಾರ ಹೊತ್ತ ಲಾಭವೂ ಇಳಿಯುತ್ತದೆ. ಹಾಗಾದಾಗ ಒಂದು ಜೋಡಿ ಚೀಲ ತೆಗೆಯಿರಿ.

ನೃಪತುಂಗ ಬೆಟ್ಟಕ್ಕೆ ಹೋಗುವ ದಿನ ತೂಕ ಅರ್ಧಕ್ಕಿಳಿಸಿ. ಏರು ಎದೆಬಡಿತ ಹೆಚ್ಚಿಸುತ್ತದೆ, ಅದು ಬೇಕಾದ್ದೇ. ತೊಂದರೆ ಇಳಿಯುವಾಗ: ತೊಡೆಯ ಸ್ನಾಯು ಬ್ರೇಕಿನ ಕೆಲಸ ಮಾಡಬೇಕು, ಮೊಣಕಾಲಿನ ಚಿಪ್ಪಿನ ಮೇಲೆ ಒತ್ತಡ ಏರುತ್ತದೆ. ವೆಸ್ಟ್ ಬಿಚ್ಚಿ ಕೈಯಲ್ಲಿ ಹಿಡಿದರೂ ಮೊಣಕಾಲಿಗೆ ಅಷ್ಟೇ ಭಾರ! ಸಣ್ಣ ಹೆಜ್ಜೆ ಇಡಿ.

ಓಟ ಬೇರೆಯೇ ಲೆಕ್ಕ. ನಡೆಯುವಾಗ ಪಾದಕ್ಕೆ ಬೀಳುವ ಬಲ ದೇಹತೂಕಕ್ಕಿಂತ ತುಸು ಹೆಚ್ಚು. ಓಡುವಾಗ ಎರಡರಿಂದ ಮೂರು ಪಟ್ಟು. ವೆಸ್ಟಿನ ತೂಕವೂ ಅದೇ ಲೆಕ್ಕದಲ್ಲಿ ಸೇರಿ, ಮೊಣಕಾಲ ಕೆಳಗಿನ ಮುಂಗಾಲಿನ ಮೂಳೆ ನೋಯತೊಡಗುತ್ತದೆ. ವೆಸ್ಟ್ ಇಲ್ಲದೆ ಅರ್ಧ ಗಂಟೆ ಆರಾಮಾಗಿ ಓಡಲಾಗದವರು ಈ ಗೊಡವೆಗೆ ಹೋಗಬೇಡಿ. ಓಡಲೇಬೇಕೆಂದರೆ ಮಣ್ಣಿನ ಮೈದಾನದಲ್ಲಿ 100 ಮೀಟರ್ ಓಟ, ವಾಪಸ್ ನಡಿಗೆ, ನಾಲ್ಕೈದು ಸಲ. ತೂಕ ಶೇ 5 ಮೀರದಿರಲಿ. ಸಿಮೆಂಟ್ ರಸ್ತೆ ಬೇಡ.

ಮೂಳೆ ಗಟ್ಟಿಯಾಗುತ್ತದೆ ಎಂಬ ಜಾಹೀರಾತಿಗೆ ಪಕ್ಕಾ ಆಧಾರ ಇನ್ನೂ ಸಿಕ್ಕಿಲ್ಲ. ಕುತ್ತಿಗೆ, ಬೆನ್ನು, ಮೊಣಕಾಲು ನೋವಿದ್ದವರು, ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಹಾಕಬಾರದು. ಏಪ್ರಿಲ್–ಮೇನಲ್ಲಿ ಬಿಸಿಲೇರುವ ಮೊದಲೇ ಮುಗಿಸಿ. ಎದೆ, ಬೆನ್ನು ಮುಚ್ಚಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಮನೆಗೆ ಬಂದಮೇಲೆ ಚೀಲಗಳನ್ನು ಹೊರತೆಗೆದು ವೆಸ್ಟನ್ನು ಗಾಳಿಗೆ ಹರವಿ.